ಉಪ್ಪುನೀರಿಗೆ ಗುಣವಾದವಳು ಬರೆದದ್ದು

ಮೂತ್ರಕೋಶದ ಬೇನೆಯ ಸಂಶೋಧನಾ ಸಮಿತಿಯ ಅಧ್ಯಕ್ಷರಾದ ಡಾಕ್ಟರ್ ಸಾಹೇಬರೇ,

ನನಗೆ ಗುಣವಾಗಿದೆ ಎಂದು ಕಳೆದ ತಿಂಗಳು ಮುಂಬಯಿಯ ಕನ್ನಡ ಸಂಘದ ಸಭೆಯಲ್ಲಿ ತಾವು ಸಾರಿದಿರಿ. ನನಗೆ ಗುಣವಾಗಿಲ್ಲ. ತಾವು ನನ್ನ ಹೆಸರು ಹೇಳಲಿಲ್ಲ, ನಿಜ. 'ಬಿಳಿ ಬೂಚಿನ ಬಾಟ್ಲಿಯ ಹೆಂಗಸರು' ಎಂದಷ್ಟೇ ಹೇಳಿದಿರಿ. ಆ ಹೆಂಗಸರಲ್ಲಿ ನಾನೂ ಒಬ್ಬಳು. ನಮಗೆ ಕೊಟ್ಟದ್ದು ಬರೀ ಉಪ್ಪುನೀರಂತೆ, ನಾವು ಅಷ್ಟಕ್ಕೇ ಗುಣವಾದೆವಂತೆ. ಕೆಂಪು ಬೂಚಿನ ಬಾಟ್ಲಿಯಿಂದ ಪರದೇಶದ ಔಷಧಿ ಪಡೆದವರಿಗೆ ನಮ್ಮಷ್ಟೂ ಗುಣ ಕಾಣಲಿಲ್ಲವಂತೆ. ಆದ್ದರಿಂದ ಔಷಧಿಯೂ ಸುಳ್ಳು, ಬೇನೆಯೂ ಸುಳ್ಳು ಎಂದು ತೀರ್ಪು ಕೊಟ್ಟು, ವಾರಕ್ಕೊಮ್ಮೆ ತೆರೆಯುತ್ತಿದ್ದ ಚಿಕಿತ್ಸೆಯ ಕೋಣೆಗೆ ಬೀಗ ಹಾಕಿಸಿದಿರಿ. ಆ ಬೀಗದ ಹೊರಗೆ ಈಗ ಒಬ್ಬ ಹೆಣ್ಣುಮಗಳು ನಿಂತಿದ್ದಾಳೆ. ಅವಳಿಗೆ ಆ ಔಷಧಿಯಿಂದ ನಿಜವಾಗಿ ಗುಣ ಕಂಡಿತ್ತು. ಅವಳ ಔಷಧಿ ನಿಂತುಹೋಗುವುದಕ್ಕೆ ನನ್ನ ಬಾಯಿಂದ ಬಂದ ಒಂದು ಮಾತೂ ಕಾರಣ. ಅದಕ್ಕೇ ಪತ್ರಿಕೆಯ ಮೂಲಕ ಈ ಪತ್ರ ಬರೆಯುತ್ತಿದ್ದೇನೆ.

ಇಂಥ ವಿಷಯವನ್ನು ಒಬ್ಬ ಗೃಹಿಣಿ ಪತ್ರಿಕೆಗೆ ಬರೆಯುವುದೇ ಎಂದು ಓದುವವರು ಮೂಗಿನ ಮೇಲೆ ಬೆರಳಿಡುತ್ತಾರೆ, ಬಲ್ಲೆ. ನಾನೂ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಸಂಪಾದಕರು ಪಾಪ ಒಳ್ಳೆಯವರು, 'ಮೂತ್ರಕೋಶ' ಇದ್ದಲ್ಲೆಲ್ಲ 'ಹೊಟ್ಟೆ' ಎಂದು ತಿದ್ದಿಕೊಳ್ಳಲೇ ಅಮ್ಮಾ ಎಂದು ಕೇಳಿ ಕಳಿಸಿದ್ದರು. ಬೇಡ ಎಂದೆ. ಇಷ್ಟು ವರ್ಷ ನಾನೇ ಹಾಗೆ ತಿದ್ದಿಕೊಂಡು ಬಂದಿದ್ದೇನೆ. ಬೇನೆ ಕೆಳಗಿದ್ದರೆ ಮೇಲೆ ಕೈಯಿಟ್ಟು ತೋರಿಸಿದ್ದೇನೆ, ಅತ್ತೆಯವರು ಕೊಟ್ಟ ಓಂಕಾಳು ಜಗಿದಿದ್ದೇನೆ. ಮೂರೂ ಬಿಟ್ಟವರು ಊರಿಗೆ ದೊಡ್ಡವರು ಎನ್ನುತ್ತಾರೆ. ಇದು ಅಚ್ಚಾದ ದಿನ ನಾನು ವಿಕ್ರೋಳಿಗೇ ದೊಡ್ಡವಳಾಗುತ್ತೇನೆ, ಆಗಲಿ.

ನಾನು ಗದಗಿನ ಕಡೆಯವಳು, ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು. ನಮ್ಮ ಮನೆಯವರು ವಿಕ್ರೋಳಿಯ ಕಾರಖಾನೆಯೊಂದರಲ್ಲಿ ಗುಮಾಸ್ತರು. ಎರಡನೆಯ ಬಾಣಂತನದ ಮೇಲೆ ನನಗೆ ಈ ಬೇನೆ ಬಂತು. ಒಂದಕ್ಕೆ ಹೋಗಬೇಕೆನ್ನುವ ಮೊದಲೇ ಒಳಗೆ ಮೆಣಸಿನಕಾಯಿ ಅರೆದು ಹಚ್ಚಿದಂಥ ಉರಿ. ಹೋಗಿ ಬಂದರೆ ಒಂದು ಗಳಿಗೆ ಸುಮ್ಮನಿದ್ದು ಮತ್ತೆ ಶುರು. ತಪಾಸಣೆ ಮಾಡಿದರೆ ಮೂತ್ರದಲ್ಲಿ ಏನೂ ಸಿಗುವುದಿಲ್ಲ. ನಾವಿರುವುದು ಚಾಳಿನಲ್ಲಿ, ಪಾಯಖಾನೆ ಇರುವುದು ಗ್ಯಾಲರಿಯ ಆ ತುದಿಗೆ. ಡಬ್ಬಿ ಹಿಡಿದು ಎಲ್ಲರ ಬಾಗಿಲು ದಾಟಿಯೇ ಹೋಗಬೇಕು. "ಗಂಗೂಬಾಯಿ, ಅಲ್ಲೇ ಒಂದ ಹಾಸಗಿ ಹಾಸಿ ಬಿಡ್ರಿ, ಹೋಗಿ ಬರೂ ತ್ರಾಸ ತಪ್ಪತೈತಿ" ಎಂದು ನೆರೆಯವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅಳುತ್ತಿದ್ದೆ. ನೀರು ಕುಡಿಯುವುದು ಬಿಟ್ಟೆ, ಮದುವೆ-ಮುಂಜಿ ಬಿಟ್ಟೆ, ತವರಿಗೆ ಹೋಗುವ ರೈಲು ಬಿಟ್ಟೆ. ಲೋಕಲ್ಲಿನಲ್ಲಿ ಹೋಗುವಾಗ ಯಾವ ಸ್ಟೇಷನ್ನಿನ ಹೆಂಗಸರ ಪಾಯಖಾನೆಗೆ ಚಿಲಕವಿದೆ, ಯಾವುದಕ್ಕಿಲ್ಲ ಎಂಬುದು ನನಗೆ ಬಾಯಿಪಾಠ. ಇದೂ ಒಂದು ವಿದ್ಯೆಯೇ, ಮುಲ್ಕಿಯಲ್ಲಿ ಕಲಿಸಿರಲಿಲ್ಲ.

ಈ ಬೇನೆಗೆ ಹೊಸ ಔಷಧಿಯ ಪ್ರಯೋಗ ನಡೆದಿದೆ ಎಂದು ತಿಳಿದು ಆಸ್ಪತ್ರೆಗೆ ಬಂದೆ. ಚಂದ್ರವ್ವನನ್ನು ಕಂಡದ್ದು ಅಲ್ಲಿಯೇ. ವಿಜಾಪುರದ ಕಡೆಯವಳು, ಧಾರಾವಿಯಲ್ಲಿ ವಾಸ. ಗಂಡ ಶೆಟ್ಟೆಪ್ಪ ತೊಗಲಿನ ಕೆಲಸದವನು, ಇವಳು ಒಂದು ಕಾರಖಾನೆಯಲ್ಲಿ ನೆಲದ ಮೇಲೆ ಕೂತು ಚೀಲಗಳಿಗೆ ಅಸ್ತರು ಹೊಲಿಯುವವಳು. ಹೊರಗಿನ ಬಾಕಿನ ಮೇಲೆ ಕೂತಿದ್ದ ನಾವಿಬ್ಬರೂ ಒಂದೇ ಕ್ಷಣಕ್ಕೆ ಎದ್ದು ಒಂದೇ ಬಾಗಿಲಿಗೆ ಓಡಿದೆವು. "ನೀವ ಮೊದಲ ಹೋಗ್ರಿ ಯಕ್ಕಾ" ಎಂದಳು. "ನೀ ಹೋಗವಾ, ನಿನಗ ಭಾಳ ಆಗೇದ" ಎಂದೆ. ಆ ಸ್ಥಿತಿಯಲ್ಲಿ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟವರ ಗೆಳೆತನ ಸುಲಭಕ್ಕೆ ಮುರಿಯುವಂಥದ್ದಲ್ಲ ಸಾಹೇಬರೇ. ನನ್ನ ಬೇನೆಯನ್ನು ಅದರ ಹೆಸರಿನಿಂದಲೇ ಕರೆದು ನಾನು ಮಾತಾಡಿದ ಮೊದಲ ವ್ಯಕ್ತಿ ಅವಳು.

ಒಳಗೆ ತಮ್ಮ ಕೈಕೆಳಗಿನ ಸಣ್ಣ ಡಾಕ್ಟರು ತೆಳುವಾದ ರಬ್ಬರ್ ನಳಿಗೆಯಿಂದ ಮೂತ್ರಕೋಶದೊಳಗೆ ಔಷಧಿ ಬಿಡುತ್ತಿದ್ದರು. ಅದು ಎಂಥ ಅವಸ್ಥೆ ಎಂದು ಬಿಡಿಸಿ ಬರೆಯಲಾರೆ. ಆದರೆ ಆ ಹುಡುಗ ದೊಡ್ಡ ಮನಸ್ಸಿನವನು. ನಳಿಗೆಯನ್ನು ಬಿಸಿನೀರಿನಲ್ಲಿ ಅದ್ದಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದ, ಕೆಲಸವಿಲ್ಲದ ಹೊತ್ತಿನಲ್ಲಿ ಮುಖ ಆಚೆ ತಿರುಗಿಸಿ ನಿಲ್ಲುತ್ತಿದ್ದ, 'ಬಾಯಿ, ಸ್ವಲ್ಪ ತಾಳಿರಿ' ಎಂದು ಮರಾಠಿಯಲ್ಲಿ ಮೆತ್ತಗೆ ಹೇಳುತ್ತಿದ್ದ. ಕೆಲವರ ಬಾಟ್ಲಿಗೆ ಬಿಳಿ ಬೂಚು, ಕೆಲವರದಕ್ಕೆ ಕೆಂಪು. ಯಾವುದರಲ್ಲಿ ಏನಿದೆ ಎಂದು ನಮಗೂ ಗೊತ್ತಿರಲಿಲ್ಲ, ಸಣ್ಣ ಡಾಕ್ಟರಿಗೂ ಹೇಳಿರಲಿಲ್ಲವಂತೆ. ಒಂದಕ್ಕೊಂದು ಹೋಲಿಸಿ ನೋಡಲು ಅದು ಬೇಕಂತೆ. ಇರಲಿ, ನನಗೆ ಉಪ್ಪುನೀರು ಕೊಟ್ಟಿರೆಂದು ನನ್ನ ಜಗಳವಲ್ಲ. ಯಾರೋ ಒಬ್ಬರಿಗೆ ಕೊಡಲೇಬೇಕಿತ್ತು, ನನಗೆ ಬಂತು.

ಜಗಳವಿರುವುದು ತಾವು ಕೇಳಿದ ರೀತಿಯ ಮೇಲೆ. ಕೊನೆಯ ದಿನ ನಮ್ಮನ್ನು ಒಬ್ಬೊಬ್ಬರಾಗಿ ಒಳಗೆ ಕರೆದಿರಿ. ಒಳಗೆ ವಿದ್ಯಾರ್ಥಿಗಳ ಒಂದು ದಂಡೇ ನಿಂತಿತ್ತು. ತಾವು ಕಿಟಕಿಯ ಬಳಿ ಕೋಟಿನ ಕಿಸೆಯಲ್ಲಿ ಕೈಯಿಟ್ಟುಕೊಂಡು ನಿಂತಿದ್ದಿರಿ. ನನ್ನನ್ನು ಅಷ್ಟು ದಿನ ಮುಟ್ಟಿ ಉಪಚರಿಸಿದ ಅದೇ ಸಣ್ಣ ಡಾಕ್ಟರು ಆಸೆಗಣ್ಣಿನಿಂದ ನೋಡುತ್ತ, "ಗುಣ ಆಲಾ ನಾ, ಬಾಯಿ?" ಎಂದು ಕೇಳಿದರು. ಗುಣ ಬಂತಲ್ಲವೇ ಎಂದು. ಪ್ರಶ್ನೆ ನನಗೆ ಚೆನ್ನಾಗಿಯೇ ತಿಳಿಯಿತು. "ಆಲಾ, ಸಾಹೇಬ" ಎಂದೆ.

ಯಾಕೆ ಹೇಳಿದೆ? ನಮ್ಮ ಮನೆಯವರೂ ಆಮೇಲೆ ಇದನ್ನೇ ಕೇಳಿದರು. ನಾನು ಸಣ್ಣವಳಿದ್ದಾಗ ಚಳಿಜ್ವರ ಬಂದು ಊರ ಪಂಡಿತರ ಪುಡಿ ತಿಂದೂ ತಿಂದೂ ಇಳಿಯದೆ ಇದ್ದಾಗ, ನಮ್ಮ ಅವ್ವ ಅವರ ಮನೆಗೆ ತೆಂಗಿನಕಾಯಿ, ಬೆಲ್ಲ ಒಯ್ದು "ನಿಮ್ಮ ಕೈಗುಣ ದೊಡ್ಡದ್ರಿ, ಕೂಸು ಆರಾಮ ಆತು" ಎಂದು ಕೈಮುಗಿದು ಬಂದಿದ್ದಳು. ನಾನು ಆಗ ಅವಳ ಸೊಂಟದ ಮೇಲೆ ಗಡಗಡ ನಡುಗುತ್ತಿದ್ದೆನಂತೆ. ಔಷಧಿ ಕೊಟ್ಟವರ ಮುಂದೆ ಗುಣವಿಲ್ಲ ಎನ್ನಬಾರದು, ಅಂದರೆ ಅವರ ಕೈಗುಣ ಕೆಡುತ್ತದೆ, ನಾಳೆ ಇನ್ನೊಬ್ಬರ ಕೂಸಿಗೂ ಅದು ಹತ್ತುವುದಿಲ್ಲ ಎಂದು ಅವಳ ನಂಬಿಕೆ. ಆರಾಮ ಎಂದು ಹೇಳಿ, ಸುಮ್ಮನೆ ಬೇರೆ ವೈದ್ಯರ ಮನೆ ಹುಡುಕಬೇಕು. ಮನೆಯಲ್ಲಿ ಉಪ್ಪಿಲ್ಲವೆಂದು ನೆರೆಯವರಿಗೆ ಹೇಳದೆ ಅಂಗಡಿಗೆ ನಡೆಯುವಂತೆ ಇದೂ ಒಂದು ಮರ್ಯಾದೆ. ಆ ಬಡಪಾಯಿ ಹುಡುಗನ ಕೈಗುಣವನ್ನು ಅಷ್ಟು ಜನರೆದುರು, ತಮ್ಮೆದುರು, ನಾನು ಹೇಗೆ ಕೆಡಿಸಲಿ? ಬಿಳಿ ಬೂಚಿನ ಉಳಿದ ಕನ್ನಡದ ಹೆಂಗಸರೂ ಹಾಗೆಯೇ ಅಂದರೆಂದು ಆಮೇಲೆ ಬಾಕಿನ ಮೇಲೆ ತಿಳಿಯಿತು. ನಾವೆಲ್ಲ ಸೇರಿ ಸಣ್ಣ ಡಾಕ್ಟರಿಗೆ ಒಂದು ತೆಂಗಿನಕಾಯಿಯನ್ನೂ ಕೊಟ್ಟೆವು. ಅದು ತಮ್ಮ ವರದಿಯಲ್ಲಿ ಬಂದಿದೆಯೋ ಇಲ್ಲವೋ ತಿಳಿಯದು.

ಸುಳ್ಳು ಹೇಳಲಾರೆ, ಆ ವಾರಗಳಲ್ಲಿ ಸ್ವಲ್ಪ ಹಗುರವೆನಿಸಿದ್ದೂ ಉಂಟು. ಆಸ್ಪತ್ರೆಯ ಪಾಯಖಾನೆಗೆ ಚಿಲಕವಿತ್ತು, ಹೊರಗೆ ನಿಂತು ಯಾರೂ ಬಾಗಿಲು ಬಡಿಯುತ್ತಿರಲಿಲ್ಲ, ಒಬ್ಬ ಮನುಷ್ಯ ನನ್ನ ಬೇನೆಯನ್ನು ಬೇನೆ ಎಂದು ನಂಬಿದ್ದ. ಅಷ್ಟಕ್ಕೆ ಜೀವ ತಂಪಾಗುತ್ತದೆ. ಆದರೆ ಅದು ಗುಣವಲ್ಲ. 'ಆಲಾ, ಸಾಹೇಬ' ಎಂದು ಹೇಳುವಾಗ ನಾನು ಸೀರೆಯೊಳಗೆ ಕಾಲು ಹೆಣೆದುಕೊಂಡು ನಿಂತಿದ್ದೆ. ಹೇಳಿದವಳೇ ಕೋಣೆಯಿಂದ ಹೊರಗೆ ಓಡಿದೆ. ಅಷ್ಟು ಕಲಿತವರು ಇದ್ದಿರಲ್ಲ, ಗುಣವಾದವಳು ಯಾವ ದಿಕ್ಕಿಗೆ ಓಡುತ್ತಿದ್ದಾಳೆ ಎಂದು ಒಬ್ಬರಾದರೂ ಕತ್ತು ಹೊರಳಿಸಿ ನೋಡಬಾರದಿತ್ತೇ?

ಇನ್ನು ಚಂದ್ರವ್ವನ ಮಾತು. ಅವಳದು ಕೆಂಪು ಬೂಚು. ಅವಳಿಗೆ ಉರಿ ಇಳಿದಿತ್ತು, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬಾಕಿನ ಮೇಲೆ ನನ್ನ ಪಕ್ಕದಲ್ಲಿ ಕೂತವಳು ನಾನು ಎದ್ದು ಹೋಗಿ ಬಂದರೂ, ಮತ್ತೆ ಹೋಗಿ ಬಂದರೂ, ಕೂತಲ್ಲೇ ಇರುತ್ತಿದ್ದಳು. ಅಣ್ಣನ ಮಗಳ ಮದುವೆಗೆಂದು ರೈಲಿನಲ್ಲಿ ಸೊಲ್ಲಾಪುರಕ್ಕೆ ಹೋಗಿ, ಪಂಕ್ತಿಯಲ್ಲಿ ಕೂತು, ಮಜ್ಜಿಗೆ ಬರುವ ತನಕ ಏಳದೆ ಉಂಡು ಬಂದಳು. ಆ ಕಥೆಯನ್ನು ನನ್ನ ಕಿವಿಯಲ್ಲಿ ಹೇಳಿದ್ದಳು, ಯಾರಾದರೂ ಕದ್ದು ಒಯ್ದಾರು ಎನ್ನುವ ಹಾಗೆ. ಅಂಥವಳು ಕೊನೆಯ ದಿನ ತಮ್ಮೆದುರು ಬಂದು ನಿಂತು, ಗುಣ ಬಂತೇ ಎಂದರೆ, ಕಣ್ಣು ಕೆಳಗೆ ಮಾಡಿ "ತಸಂಚ ಆಹೆ" ಎಂದಳು. ಇದ್ದ ಹಾಗೇ ಇದೆ ಎಂದಳು! ಬಾಗಿಲಾಚೆಯಿಂದ ಅದನ್ನು ಕೇಳಿ, ಅವಳು ಹೊರಗೆ ಬಂದ ಮೇಲೆ ಬೈದೆ.

"ಯಾಕವಾ ಹಂಗಂದಿ? ಮೊನ್ನೆ ಮದುವ್ಯಾಗ ಉಂಡು ಬಂದಾಕಿ ನೀನಽ ಅಲ್ಲೇನು?"

"ಅಯ್ಯ, ಸುಮ್ನಿರ್ರೀ ಯಕ್ಕಾ. ಅಷ್ಟ ಮಂದ್ಯಾಗ ಚಲೋ ಆತು ಅಂದ್ರ ಕಣ್ಣ ಬಿದ್ದ ಹೋಗತೈತಿ. ಇಷ್ಟ ದಿನಕ್ಕ ಒಂದ ಸುಖ ಬಂದೈತಿ, ಅದನ್ನ ಬಾಯಿಬಿಟ್ಟ ಕಳಕೊಳ್ಳಲೇನು?"

ಇಬ್ಬರೂ ನಕ್ಕೆವು. ನಾನು ಒಳಗೆ ಏನಂದೆನೆಂದು ಮಾತ್ರ ಅವಳಿಗೆ ಹೇಳಲಿಲ್ಲ. ಗುಣವಾಗದವಳು ಡಾಕ್ಟರ ಕೈಗುಣ ಕೆಡಬಾರದೆಂದು ಗುಣವಾಯಿತೆಂದಳು, ಗುಣವಾದವಳು ದೃಷ್ಟಿ ತಾಕಬಾರದೆಂದು ಗುಣವಿಲ್ಲ ಎಂದಳು. ಅವಳ ಹಾಗೆ ಕೆಂಪು ಬೂಚಿನವರಲ್ಲಿ ಇನ್ನೆಷ್ಟು ಜನ ಅಂದರೋ. ತಾವು ಎರಡನ್ನೂ ಹಾಗೆಯೇ ಬರೆದುಕೊಂಡು, ಗೆರೆ ಎಳೆದು, ಉಪ್ಪುನೀರು ಗೆದ್ದಿತು ಎಂದಿರಿ.

ಅದನ್ನು ನಾನು ತಿಳಿದದ್ದು ಹೇಗೆಂಬುದನ್ನೂ ಕೇಳಿರಿ. ನಮ್ಮ ಮನೆಯಲ್ಲಿ ಆದಿತ್ಯವಾರ ಮುಂಜಾನೆ ನಮ್ಮ ಮನೆಯವರು ಕನ್ನಡ ಪತ್ರಿಕೆಯನ್ನು ಗಟ್ಟಿಯಾಗಿ ಓದುವ ರೂಢಿ. ಅತ್ತೆಯವರು ಅಕ್ಕಿ ಹಸನು ಮಾಡುತ್ತ ಕೇಳುತ್ತಾರೆ, ನೆರೆಮನೆಯ ಬೆಳಗಾವಿಯ ವ್ಯಾಪಾರಿ ಈರಣ್ಣನವರು ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ಕೂರುತ್ತಾರೆ. ಆ ದಿನ ತಮ್ಮ ಭಾಷಣ ಬಂದಿತ್ತು. ಬಿಳಿ ಬೂಚು, ಕೆಂಪು ಬೂಚು, ಉಪ್ಪುನೀರು, ಎಲ್ಲ. 'ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ನಮ್ಮ ಹೆಂಗಸರಿಗೆ ಅಡುಗೆಮನೆಯ ಉಪ್ಪೇ ಮದ್ದಾಯಿತು' ಎಂದು ತಾವು ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತಂತೆ. ಈರಣ್ಣನವರು "ಭಾರಿ ಹೇಳ್ಯಾರ ಬಿಡ್ರಿ!" ಎಂದು ತೊಡೆ ತಟ್ಟಿದರು. ಅತ್ತೆಯವರು ಮೊರದಿಂದ ತಲೆ ಎತ್ತದೆ, "ಉಪ್ಪನೀರಿಗೆ ಹೋಗೂ ಬ್ಯಾನಿಗೆ ದವಾಖಾನಿ ಯಾಕ ಬೇಕಾಗಿತ್ತವಾ ಗಂಗೂ? ನಮ್ಮ ಮನ್ಯಾಗ ಉಪ್ಪ ಇರಲಿಲ್ಲೇನು?" ಎಂದರು. ಅಂದರೆ ಅವರಿಗೆ ಗೊತ್ತಿತ್ತು. ಹೊಟ್ಟೆನೋವು ಎಂದು ನಾನು ಹೇಳಿದ್ದನ್ನು ಅವರು ಎಂದೂ ನಂಬಿರಲಿಲ್ಲ. ನಮ್ಮ ಮನೆಯವರೂ ನಕ್ಕರು, ನನ್ನ ಮುಖ ನೋಡಿ ನಿಲ್ಲಿಸಿದರು. ಭೂಮಿ ಬಾಯಿ ಬಿಟ್ಟರೆ ಸಾಕು ಎನಿಸಿತು. ಆದರೆ ಮೂರನೆಯ ಮಾಳಿಗೆಯಲ್ಲಿ ಭೂಮಿ ಎಲ್ಲಿಂದ ಬರಬೇಕು?

ನನ್ನ ನಾಚಿಕೆ ಅಲ್ಲಿಗೇ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆ, ನುಂಗುವುದು ನನಗೇನು ಹೊಸದಲ್ಲ. ಆದರೆ ಚಂದ್ರವ್ವನ ಬಾಟ್ಲಿ ಕೆಂಪು ಬೂಚಿನದೆಂದು ಆ ಕ್ಷಣಕ್ಕೆ ನೆನಪಾಯಿತು. ಮರುದಿನವೇ ಆಸ್ಪತ್ರೆಗೆ ಹೋದೆ. ಸಣ್ಣ ಡಾಕ್ಟರಿಗೆ ಬೇರೆ ಊರಿಗೆ ವರ್ಗವಾಗಿತ್ತು. ತಮ್ಮ ಕಚೇರಿಯ ಕಾರಕೂನರು, "ಫೈಲ್ ಬಂದ್ ಹೋಗಯಾ ಬಾಯಿ, ತುಮ್ ತೋ ಠೀಕ್ ಹೋ ನಾ?" ಎಂದರು, ಕಡತ ಮುಚ್ಚಿತು, ನೀನು ಆರಾಮ ಇದ್ದೀಯಲ್ಲ ಎಂದು. ಇಲ್ಲ, ನನಗೆ ಠೀಕ್ ಇಲ್ಲ, ಠೀಕ್ ಇದ್ದವಳು ಬೇರೆಯವಳು, ಅವಳು ಇಲ್ಲ ಎಂದು ಹೇಳಿದ್ದಾಳೆ ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಅವರು ನನ್ನನ್ನು ನೋಡಿದ ನೋಟದಲ್ಲಿ ತಮ್ಮ ಭಾಷಣವಿಡೀ ಇತ್ತು. ಇದು ತಲೆಯ ಕಾಯಿಲೆ ಎಂದು ಅವರಿಗೆ ಖಾತ್ರಿಯಾಯಿತು.

ಸಾಹೇಬರೇ, ಈ ತಪ್ಪನ್ನು ಲಂಡನ್ನಿನ ಡಾಕ್ಟರು ಮಾಡಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ತಾವು ನಮ್ಮವರು. ಧಾರವಾಡದ ನೀರು ಕುಡಿದು ಬೆಳೆದವನು ಎಂದು ಅದೇ ಸಭೆಯಲ್ಲಿ ಎದೆಯ ಮೇಲೆ ಕೈಯಿಟ್ಟು ಹೇಳಿಕೊಂಡಿರಿ. ಆ ನೀರು ಕುಡಿದವರಿಗೆ ಆ ಊರಿನ ಹೆಂಗಸರ ಮಾತು ಮರೆಯುತ್ತದೆಯೇ? ತಾವು ರಜೆಗೆ ಊರಿಗೆ ಹೋದಾಗ 'ಆರಾಮ ಇದ್ದೀಯೇನವಾ' ಎಂದು ತಾಯಿಯವರನ್ನು ಕೇಳಿರಬೇಕಲ್ಲ. ಒಮ್ಮೆಯಾದರೂ ಅವರು ಇಲ್ಲ ಎಂದಿದ್ದರೇ? ಊರಿನಿಂದ ಬರುವ ಪತ್ರಗಳ ತಲೆಯ ಮೇಲೆ 'ಇತ್ತ ನಾವೆಲ್ಲರೂ ಆರಾಮ' ಎಂದು ಬರೆದು, ಕೆಳಗೆ ಸಾವಿನ ಸುದ್ದಿ ಬರೆದಿರುವುದನ್ನು ತಾವು ಓದಿಲ್ಲವೇ? ಅಳೆಯುವ ಸೇರು ಸರಿಯಿಲ್ಲದಿದ್ದರೆ ಕಾಳನ್ನು ಬೈದು ಏನುಪಯೋಗ? ನಾವು ಸುಳ್ಳು ಹೇಳಿದ್ದು ನಮ್ಮ ತಪ್ಪು, ಅದಕ್ಕೆ ನನಗೆ ನಾಚಿಕೆಯಿದೆ. ನಮ್ಮ ಮಾತನ್ನು ಬಲ್ಲ ತಾವು ಅದನ್ನು ಸತ್ಯವೆಂದು ಬರೆದುಕೊಂಡದ್ದಕ್ಕೆ ತಮಗೂ ಒಂದಿಷ್ಟು ನಾಚಿಕೆ ಇರಲೆಂದು ಬೇಡುತ್ತೇನೆ. ಒಬ್ಬಳೇ ನಾಚಿಕೊಂಡು ಸಾಕಾಗಿದೆ.

ಹದಿನೈದು ದಿನಗಳ ಹಿಂದೆ ಚಂದ್ರವ್ವ ವಿಕ್ರೋಳಿಗೆ ನಮ್ಮ ಮನೆಗೆ ಬಂದಿದ್ದಳು. ಒಳಗೆ ಬಾ ಎಂದರೆ ಬಾಗಿಲ ಚೌಕಟ್ಟು ಹಿಡಿದು ನಿಂತಳು, ಚಾಪೆ ಹಾಸಿದರೆ ಕೂರಲಿಲ್ಲ, ನೀರು ಕೊಟ್ಟರೆ ತುಟಿಗೆ ತಾಗಿಸಿ ಇಟ್ಟಳು.

"ಹೆಂಗದೀಯವಾ?" ಎಂದೆ.

"ಆರಾಮ ಅದೀನ್ರಿ ಯಕ್ಕಾ" ಎಂದು ನಕ್ಕಳು.

ಗುಣವಾಗಿದ್ದ ದಿನಗಳಲ್ಲಿ ಆ ಹುಡುಗಿ ಒಮ್ಮೆಯೂ ಆರಾಮ ಎಂದವಳಲ್ಲ, 'ಅಷ್ಟಕ್ಕಷ್ಟ ಐತ್ರಿ' ಎನ್ನುತ್ತಿದ್ದಳು. ಆರಾಮ ಎಂದ ಕೂಡಲೇ ಬೇನೆ ತಿರುಗಿ ಬಂದಿದೆ ಎಂದು ನನಗೆ ತಿಳಿಯಿತು. ಕೆದಕಿ ಕೇಳಿದ ಮೇಲೆ ಉಳಿದ ಸುದ್ದಿ ಹೊರಬಂತು: ಮೇಲಿಂದ ಮೇಲೆ ಎದ್ದು ಹೋಗುತ್ತಾಳೆಂದು ಹೊಲಿಗೆಯ ಕೆಲಸದಿಂದ ಬಿಡಿಸಿದ್ದಾರೆ. ಶೆಟ್ಟೆಪ್ಪ ಕೆಟ್ಟವನಲ್ಲ, ಆದರೆ ದೊಡ್ಡ ಡಾಕ್ಟರೇ ಇದು ಬರೀ ಮನಸ್ಸಿನ ಭ್ರಮೆ ಎಂದಿದ್ದಾರೆ ಎಂದು ಯಾರೋ ಅವನಿಗೆ ಓದಿ ಹೇಳಿದ್ದಾರೆ. ಈಗ ಅವಳನ್ನು ದೆವ್ವ ಬಿಡಿಸುವವನ ಬಳಿಗೆ ಒಯ್ಯುವ ಮಾತಾಡುತ್ತಿದ್ದಾನೆ. ಬೇವಿನ ಬರಲಿನಿಂದ ಹೊಡೆಯುತ್ತಾರಂತೆ. ಆ ಒಂದೊಂದು ಏಟಿನಲ್ಲೂ ನನ್ನ 'ಆಲಾ, ಸಾಹೇಬ' ಇರುತ್ತದೆ, ತಮ್ಮ ಚಪ್ಪಾಳೆಯೂ ಇರುತ್ತದೆ.

ಆದ್ದರಿಂದ ನಾನು ನನ್ನ ಉತ್ತರವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ನನ್ನನ್ನು ಗುಣವಾದವರ ಸಾಲಿನಿಂದ ಹೊಡೆದು ಹಾಕಿರಿ. ಕೋಣೆಯ ಬೀಗ ತೆಗೆಸಿರಿ. ಎಲ್ಲಕ್ಕೂ ಮೊದಲು ಚಂದ್ರವ್ವನಿಗೆ ಕೆಂಪು ಬೂಚಿನ ಔಷಧಿಯನ್ನು ಮತ್ತೆ ಶುರು ಮಾಡಿಸಿರಿ, ಉಳಿದದ್ದನ್ನು ಆಮೇಲೆ ವಿಚಾರ ಮಾಡುವಿರಂತೆ. ನಮ್ಮನ್ನೆಲ್ಲ ಮತ್ತೊಮ್ಮೆ ಕರೆಸಿ, ನಮ್ಮ ಮಾತು ಬಲ್ಲ ಒಬ್ಬ ಹೆಂಗಸಿನಿಂದ, ವಿದ್ಯಾರ್ಥಿಗಳ ದಂಡಿಲ್ಲದೆ, ಔಷಧಿ ಬಿಟ್ಟ ಡಾಕ್ಟರ ಮುಖ ಎದುರಿಗಿಲ್ಲದೆ ಕೇಳಿಸಿರಿ. ಗುಣವಾಯಿತೇ ಎಂದು ಮಾತ್ರ ಕೇಳಿಸಬೇಡಿರಿ. ಪಂಕ್ತಿಯಲ್ಲಿ ಕೊನೆಯ ತನಕ ಕೂತೆಯಾ, ತವರಿಗೆ ಹೋದೆಯಾ, ತಂಬಿಗೆ ತುಂಬ ನೀರು ಕುಡಿದೆಯಾ ಎಂದು ಕೇಳಿಸಿರಿ. ಅದಕ್ಕೆ ಸುಳ್ಳು ಹೇಳುವುದನ್ನು ನಮ್ಮ ಅವ್ವಂದಿರು ನಮಗೆ ಕಲಿಸಿಲ್ಲ. ಆಗಲೂ ಔಷಧಿ ಸೋತರೆ ಸೋಲಲಿ, ನಾನು ತುಟಿ ಪಿಟಕ್ಕೆನ್ನುವುದಿಲ್ಲ.

ಈ ಪತ್ರದಲ್ಲಿ ಅವಳ ಹೆಸರಿದೆಯಲ್ಲ, ಕೇಳದೆ ಹಾಕಲಾರೆನೆಂದು ನಿನ್ನೆ ಧಾರಾವಿಗೆ ಹೋಗಿ ಪೂರ್ತಿ ಓದಿ ಹೇಳಿದೆ. ನಾನು ತಮ್ಮೆದುರು ಏನು ಹೇಳಿದೆ ಎಂಬುದು ಅವಳಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಆ ಸಾಲು ಓದುವಾಗ ನನಗೆ ತಲೆ ಎತ್ತಲಾಗಲಿಲ್ಲ. ಅವಳು, "ನಾನೂ ಸುಳ್ಳ ಹೇಳೇನಲ್ರಿ ಯಕ್ಕಾ, ಇಬ್ಬರದೂ ಹೆಸರ ಹಾಕ್ರಿ" ಎಂದಳು. ಹಾಗಾದರೆ ಈಗ ನಾನೇ ಕೇಳುತ್ತೇನೆ, ಖರೆ ಹೇಳು, ಹೆಂಗದೀ ಎಂದೆ. "ಆರಾಮ..." ಎಂದು ಬಾಯಿಗೆ ಬಂದದ್ದನ್ನು ಅರ್ಧಕ್ಕೆ ನಿಲ್ಲಿಸಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಸೆರಗು ತೆಗೆದು ಹೇಳಿದಳು:

"ಇಲ್ರಿ. ತಾಳೂದ ಆಗವಲ್ದು. ಹಂಗಽ ಬರೀರಿ."

ಹಾಗೆಯೇ ಬರೆದಿದ್ದೇನೆ. ಈ ಸಲ ತಾವೂ ಹಾಗೆಯೇ ಬರೆದುಕೊಳ್ಳಿರಿ.

ಇಂತಿ,
ತಮ್ಮ ಲೆಕ್ಕದಲ್ಲಿ ಗುಣವಾದ, ತನ್ನ ಲೆಕ್ಕದಲ್ಲಿ ನಾಚಿದ,
ಗಂಗೂಬಾಯಿ
ವಿಕ್ರೋಳಿ, ಮುಂಬಯಿ, 1957